ಊರವರು ಹಾಕಿದ ಉಬ್ಬು

"ಗುರುಗಳೇ, ಹತ್ತಾರು ಜನ ಸೇರಿ ಮಾಡಿದ ತಪ್ಪಿನಲ್ಲಿ ಒಬ್ಬನ ಪಾಲು ಎಷ್ಟು?" ಎಂದು ಶಿಷ್ಯನೊಬ್ಬ ಕೇಳಿದ.

ಗುರು ಅವನ ಮುಖ ನೋಡಿದರು. "ಪಾಲು ಸ್ವಲ್ಪ ಕಡಿಮೆ ಮಾಡಿಕೊಡಲಿ ಅಂತ ತಾನೇ ಕೇಳುತ್ತಿರುವುದು? ಕೂತುಕೋ" ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರು. ಊರಿನ ನಡುವೆ ನೇರವಾದ ಡಾಂಬರು ರಸ್ತೆ. ರಸ್ತೆ ಚೆನ್ನಾಗಿದ್ದದ್ದೇ ತಪ್ಪಾಯಿತು. ಲಾರಿ, ಬಸ್ಸು, ಬೈಕು ಎಲ್ಲವೂ ಹಾರಿಕೊಂಡೇ ಹೋಗುತ್ತಿದ್ದವು. ಮೊದಲು ಕೋಳಿಗಳು ಸತ್ತವು, ಆಮೇಲೆ ಒಂದು ಕರು. ಒಂದು ದಿನ ಶಾಲೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಲಾರಿಗೆ ಸಿಗುವುದು ಸ್ವಲ್ಪದರಲ್ಲಿ ತಪ್ಪಿತು. ಊರವರು ರಸ್ತೆ ಇಲಾಖೆಗೆ ಅರ್ಜಿ ಕೊಟ್ಟರು, ಮತ್ತೆ ಹೋಗಿ ಕೇಳಿದರು. ನೋಡೋಣ ಎಂದರು ಅಲ್ಲಿಯವರು. ನೋಡಲು ಯಾರೂ ಬರಲಿಲ್ಲ.

ಹಾಗಾಗಿ ಗಾಡಿಗಳ ವೇಗ ತಗ್ಗಲೆಂದು ಊರವರೇ ರಸ್ತೆಗೆ ಅಡ್ಡಲಾಗಿ ಉಬ್ಬು ಹಾಕಲು ನಿಂತರು. ಅವರನ್ನು ಕೆಟ್ಟವರು ಅಂದುಕೊಳ್ಳಬೇಡ. ಮಕ್ಕಳ ಜೀವ ಉಳಿಯಲಿ ಎಂದೇ ಹೊರಟವರು. ಕಿರಾಣಿ ಅಂಗಡಿಯವನು ಸಿಮೆಂಟು ಕೊಟ್ಟ. ಟ್ರ್ಯಾಕ್ಟರ್ ಇದ್ದವನು ಜಲ್ಲಿ ತಂದ. ಗಾರೆ ಕೆಲಸದ ಗೌಂಡಿಯೊಬ್ಬ ಕರಣಿ ಹಿಡಿದು ಕಟ್ಟಿದ. ಉಳಿದವರು ಕಲ್ಲು ಹೊತ್ತರು, ನೀರು ಹೊತ್ತರು. ಏನೂ ಹೊರದವರು ಪಕ್ಕದಲ್ಲಿ ನಿಂತು, ಇನ್ನಷ್ಟು ಎತ್ತರ ಮಾಡಿ ಎಂದರು. ಅವರ ಮಾತೂ ನಡೆಯಿತು. ಉಬ್ಬು ಇರಬೇಕಾದದ್ದಕ್ಕಿಂತ ಎತ್ತರವೇ ಆಯಿತು.

ಕೈ ತೊಳೆಯುವಾಗ ಗೌಂಡಿ, "ಬಿಳೀ ಬಣ್ಣ ಹಚ್ಚಬೇಕ್ರೀ. ಈ ಕಡೆ ಆ ಕಡೆ ಒಂದೊಂದು ಬೋರ್ಡ್ ನೆಡಬೇಕು. ಇಲ್ಲಾಂದ್ರ ಹೊತ್ತು ಮುಳುಗಿದ ಮ್ಯಾಲೆ ಇದು ಕಾಣೂದಿಲ್ಲ" ಎಂದ.

"ನಾಳೆ ಹಚ್ಚೂಣು ಬಿಡಪಾ. ಇದೇನ್ ಎಲ್ಲಿಗಾದ್ರೂ ಓಡಿ ಹೋಗ್ತೈತೇನು?" ಎಂದ ಅಂಗಡಿಯವನು. ಎಲ್ಲರೂ ನಕ್ಕರು. ಗೌಂಡಿಯೂ ನಕ್ಕ.

ಮರುದಿನ ಜನ ಕಟ್ಟೆಯ ಮೇಲೆ ಕೂತು, ಗಾಡಿಗಳು ಗಕ್ಕನೆ ನಿಂತು ತೆವಳುವುದನ್ನು ನೋಡಿ ಖುಷಿಪಟ್ಟರು. ಬಣ್ಣವನ್ನು ಇನ್ನೊಬ್ಬರು ತರುತ್ತಾರೆ ಎಂದು ಪ್ರತಿಯೊಬ್ಬರೂ ಅಂದುಕೊಂಡಿದ್ದರು. ಸಂಜೆಯಾಯಿತು. ಯಾರೂ ತಂದಿರಲಿಲ್ಲ.

ಕತ್ತಲು ಕವಿಯುವ ಹೊತ್ತಿಗೆ ಫಕೀರಪ್ಪ ಎಂಬವನು ಆ ದಾರಿಯಲ್ಲಿ ಬಂದ. ಪಕ್ಕದ ಊರಿನವನು. ಮೊಪೆಡ್ ಮೇಲೆ ಊರೂರು ತಿರುಗಿ ಕುಕ್ಕರು, ಗ್ಯಾಸ್ ಒಲೆ ರಿಪೇರಿ ಮಾಡುವವನು. ಆ ರಸ್ತೆಯಲ್ಲಿ ಅವನು ಕಣ್ಣು ಮುಚ್ಚಿ ಓಡಾಡಬಲ್ಲವನಾಗಿದ್ದ, ಅದೇ ಅವನಿಗೆ ಮುಳುವಾಯಿತು. ಮೊನ್ನೆ ಇಲ್ಲದ ಉಬ್ಬು ಇವತ್ತು ಇದೆ ಎಂದು ಅವನಿಗೆ ಹೇಳುವವರು ಯಾರು? ಮೊಪೆಡ್ ಎಗರಿತು. ತಲೆಗೆ ಹೆಲ್ಮೆಟ್ ಇತ್ತು, ಗದ್ದದ ಕೆಳಗಿನ ಪಟ್ಟಿ ಹಾಕಿರಲಿಲ್ಲ. ಹೆಲ್ಮೆಟ್ ಕಳಚಿ ದೂರ ಉರುಳಿತು. ತಲೆ ರಸ್ತೆಗೆ ಬಡಿಯಿತು.

ಊರವರು ಎದ್ದುಬಿದ್ದು ಓಡಿದರು. ಜೀಪು ತಂದರು. ಅಂಗಡಿಯವನು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ದೊಡ್ಡಾಸ್ಪತ್ರೆಯವರೆಗೂ ಅಲ್ಲಾಡದೆ ಕೂತ. ಅವನ ಅಂಗಿಯೆಲ್ಲ ರಕ್ತವಾಯಿತು. ಇದನ್ನು ಮಾಡಿದವರೂ ಅದೇ ಜನ, ಮರೆಯಬೇಡ.

ಆದರೆ ಜಾಗ ನೋಡಲು ಪೊಲೀಸರು ಬರುತ್ತಾರೆ ಎಂಬ ಸುದ್ದಿ ಬಂದಾಗ ಎಲ್ಲರೂ ಮತ್ತೆ ಕಟ್ಟೆಯ ಬಳಿ ಸೇರಿದರು. ಉಬ್ಬು ಹಾಕಿದವರು ಯಾರು ಎಂದು ಕೇಳಿದರೆ ಏನು ಹೇಳುವುದು? ಗುದ್ದಲಿ, ಹಾರೆ ಬಂದವು. ಬಣ್ಣ ಹಚ್ಚಲು ನಾಳೆ ಎಂದವರು ಒಡೆಯಲು ನಾಳೆ ಎನ್ನಲಿಲ್ಲ. ಒಡೆದು, ಗುಡಿಸಿ, ಕಲೆ ಕಾಣದಂತೆ ಮಣ್ಣು ಎರಚಿದರು. ಪೊಲೀಸರು ಬಂದು ಸಪಾಟಾದ ರಸ್ತೆ ನೋಡಿದರು. ಸವಾರನ ಅಜಾಗರೂಕತೆ ಎಂದು ಬರೆದುಕೊಂಡು ಹೋದರು. ಕುಡಿದಿದ್ದನೋ ಏನೋ ಎಂಬ ಮಾತು ಆಮೇಲೆ ಹೊರಟಿತು, ಅದು ಹೊರಟದ್ದೂ ಆ ಊರಿನ ಕಟ್ಟೆಯಿಂದಲೇ.

ಫಕೀರಪ್ಪ ಬದುಕಿದ. ಹೊರಗಿನ ಗಾಯ ಬೇಗ ಮಾಯಿತು. ಒಳಗೆ ಮಿದುಳಿಗೆ ಪೆಟ್ಟಾಗಿದೆ, ಅದು ಮೊದಲಿನಂತೆ ಆಗುವುದು ಕಷ್ಟ ಎಂದರು ಡಾಕ್ಟರು. ಮಾತು ಹುಡುಕಿ ಹುಡುಕಿ ಆಡುತ್ತಿದ್ದ. ಕುಕ್ಕರಿನ ಸೀಟಿಯನ್ನು ಕೈಯಲ್ಲಿ ಹಿಡಿದು ಇದೇನು ಎಂಬಂತೆ ನೋಡುತ್ತಿದ್ದ. ಬಿದ್ದ ದಿನದ್ದು ಒಂದೂ ನೆನಪಿರಲಿಲ್ಲ. ಜನ ಆಡಿಕೊಳ್ಳುವುದು ಕಿವಿಗೆ ಬಿದ್ದಾಗ ಹೆಂಡತಿಯನ್ನೇ, "ನಾ ಕುಡಿದಿದ್ನೇನು?" ಎಂದು ಕೇಳುತ್ತಿದ್ದ. ಅವನು ಹುಟ್ಟಿದಾಗಿನಿಂದ ಹೆಂಡ ಮುಟ್ಟಿದವನಲ್ಲ. ಇಲ್ಲ, ಕುಡಿದಿರಲಿಲ್ಲ ಎಂದು ಅವಳು ಹೇಳುತ್ತಿದ್ದಳು. ದಿನವೂ ಅದೇ ಕೇಳಿ, ದಿನವೂ ಅದೇ ಹೇಳಿ, ಕಡೆಗೆ ಅವಳಿಗೂ ಅನುಮಾನ ಹೊಕ್ಕಿತು. ಸಪಾಟು ರಸ್ತೆಯಲ್ಲಿ ಸುಮ್ಮನೆ ಯಾರಾದರೂ ಬೀಳುತ್ತಾರೆಯೇ?

ಆದರೆ ಆಸ್ಪತ್ರೆಯಲ್ಲಿ ಯಾರೋ ಉಬ್ಬು ಎಂದದ್ದನ್ನು ಅವಳು ಕೇಳಿದ್ದಳು. ಗಂಡನ ಮೇಲಿನ ಮಾತು ಸುಳ್ಳಾಗಲಿ ಎಂದು, ಅದೊಂದನ್ನೇ ಹಿಡಿದುಕೊಂಡು ಕೋರ್ಟಿಗೆ ಹೋದಳು. ಸಾಕ್ಷಿ ಹೇಳಲು ಊರವರಿಗೆ ಕರೆ ಬಂತು. ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು ಫಕೀರಪ್ಪ ಎಂದು ಕೂಗಿದ. ಫಕೀರಪ್ಪ, ಬೇರೆ ಯಾರನ್ನೋ ಕರೆದರು ಎನ್ನುವಂತೆ ಅತ್ತಿತ್ತ ನೋಡಿದ. ಹೆಂಡತಿ ರಟ್ಟೆ ಹಿಡಿದು ಎಬ್ಬಿಸಿದಳು. ಬೆಂಚಿನ ಮೇಲಿದ್ದ ಊರವರು ನೆಲ ನೋಡಿದರು.

ನ್ಯಾಯಾಧೀಶರು ಹೇಳಿದರು: "ಹೆಲ್ಮೆಟ್ಟಿನ ಪಟ್ಟಿ ಹಾಕದಿದ್ದದ್ದು ಇವನ ತಪ್ಪು. ಅಷ್ಟನ್ನು ಇವನ ಮೇಲೆಯೇ ಹೊರಿಸುತ್ತೇನೆ. ಆದರೆ ಎಚ್ಚರಿಕೆ ಕೊಡದೆ ರಸ್ತೆಗೆ ಅಡ್ಡ ಕಟ್ಟಿದವರು ಪೆಟ್ಟಾದ ತಲೆಗೆ ಉತ್ತರ ಕೊಡಬೇಕಾಗುತ್ತದೆ. ಒಳ್ಳೆಯದಕ್ಕೇ ಕಟ್ಟಿದೆವು ಎಂದರೂ ಬಿಡುವಂತಿಲ್ಲ, ಅವನ ಹಣೆಬರಹ ಎಂದರೂ ಬಿಡುವಂತಿಲ್ಲ. ಹೇಳಿ, ಅಲ್ಲಿ ಉಬ್ಬು ಇತ್ತೋ ಇಲ್ಲವೋ?"

"ನಾ ನೋಡಿಲ್ರೀ ಸಾಹೇಬ್ರ" ಎಂದ ಅಂಗಡಿಯವನು. ಟ್ರ್ಯಾಕ್ಟರಿನವನೂ ಹಾಗೇ ಅಂದ. ಅವನ ಹಿಂದೆ ಬಂದವರೂ ಹಾಗೇ ಅಂದರು. ಕಡೆಗೆ ಗೌಂಡಿಯ ಸರದಿ ಬಂತು. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬೇಕು ಎಂದು ಮನೆಯಿಂದ ಗಟ್ಟಿ ಮಾಡಿಕೊಂಡೇ ಬಂದಿದ್ದ. ಆದರೆ ಈಗ ಇತ್ತು ಎಂದರೆ ಉಳಿದವರೆಲ್ಲ ಸುಳ್ಳುಗಾರರಾಗುತ್ತಾರೆ, ತಾನೊಬ್ಬನೇ ಸಿಕ್ಕಿಬೀಳುತ್ತೇನೆ. ಯಾರಾದರೂ ಒಬ್ಬರು ಮೊದಲು ಹೇಳಿದ್ದರೆ ತಾನೂ ಹೇಳುತ್ತಿದ್ದೆ ಎಂದುಕೊಂಡ. ಅವನಿಗಿಂತ ಮೊದಲು ಹೇಳಿದವರೂ ಅದನ್ನೇ ಅಂದುಕೊಂಡಿದ್ದರು.

"ಇರಲಿಲ್ರೀ" ಎಂದ ಗೌಂಡಿ. ತನ್ನ ಕೈಯಾರೆ ಕಟ್ಟಿದ್ದನ್ನು ಇರಲಿಲ್ಲ ಎಂದ.

ದಾವೆ ಬಿದ್ದುಹೋಯಿತು. ಊರವರು ಹೊರಗೆ ಬಂದು ಬಸ್ಸಿಗೆ ಕಾಯುತ್ತಿದ್ದರು. ಫಕೀರಪ್ಪನನ್ನು ಕರೆದುಕೊಂಡು ಅವನ ಹೆಂಡತಿ ಅವರ ಕಡೆಗೇ ಬಂದಳು. ಮಣ್ಣು ಎತ್ತಿ ತೂರಿ ಶಾಪ ಹಾಕುತ್ತಾಳೆ ಎಂದು ಎಲ್ಲರೂ ಹೆದರಿದರು. ಹಾಕಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು.

ಫಕೀರಪ್ಪ ಕೈ ಮುಗಿದ. "ನೀವಂತ... ನನ್ನ ದವಾಖಾನಿಗೆ ಒಯ್ದವ್ರು. ನೀವು ಇರದಿದ್ರ..." ಎಂದ. ಮುಂದಿನ ಮಾತು ಸಿಗಲಿಲ್ಲ. ಬಗ್ಗಿ ಅಂಗಡಿಯವನ ಕಾಲು ಮುಟ್ಟಿದ. ಅಂಗಡಿಯವನು ಕಾಲು ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಮುಟ್ಟಿ ಆಗಿತ್ತು.

"ಸುಮ್ಮಸುಮ್ನ ನಿಮ್ಮನ್ನ ಕೋರ್ಟಿಗೆ ಎಳೆದ್ನಿ. ತಪ್ಪಾತ್ರೀ ಯಣ್ಣಾರ" ಎಂದಳು ಹೆಂಡತಿ. ಆಮೇಲೆ ಗಂಡನ ಕಡೆ ತಿರುಗಿ, ಮೆಲ್ಲಗೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಇನ್ನ ಮ್ಯಾಲಾದ್ರೂ ಕುಡೀಬ್ಯಾಡ."

"ಹೂಂ. ಕುಡಿಯೂದಿಲ್ಲ" ಎಂದ ಫಕೀರಪ್ಪ.

ಅಷ್ಟು ಜನ ಗಂಡಸರು ಅಲ್ಲಿ ನಿಂತಿದ್ದರು. ಅವನು ಕುಡಿದಿರಲಿಲ್ಲ ಎಂದು ಒಬ್ಬನೂ ಹೇಳಲಿಲ್ಲ. ಅವನ ತಲೆಗೆ ಪೆಟ್ಟು ಬಿದ್ದದ್ದು ತಿಳಿಯದೆ ಆದದ್ದು ಎಂದು ಹೇಳಬಹುದೇನೋ, ಇದನ್ನು ಹಾಗೆ ಹೇಳಲು ಬರುವುದಿಲ್ಲ. ನೆನೆದರೆ ಕೇಳಿದ ನನಗೇ ನಾಚಿಕೆಯಾಗುತ್ತದೆ. ಬಸ್ಸಿನಲ್ಲಿ ಅವರು ಬೇರೆ ಬೇರೆ ಸೀಟು ಹಿಡಿದು ಕೂತರು. ಊರು ಬಂದಾಗ ಅಂಗಡಿಯವನು ಗೌಂಡಿಗೆ, "ನೀ ಹಾಕಿದ್ದಲ್ಲ, ನಾ ಹಾಕಿದ್ದಲ್ಲ. ಊರವರು ಹಾಕಿದ್ದು" ಎಂದ. ಗೌಂಡಿ ತಲೆಯಾಡಿಸಿ ಮನೆಗೆ ಹೋದ. ಬಡಿಸಿದ ತಟ್ಟೆಯ ಮುಂದೆ ಕೂತ, ಅನ್ನಕ್ಕೆ ಕೈ ಹೋಗಲಿಲ್ಲ.

ಗುರು ಕತೆ ನಿಲ್ಲಿಸಿದರು. ಆದರೂ ಶಿಷ್ಯನಿಗೆ ಕೇಳದೆ ಇರಲು ಆಗಲಿಲ್ಲ. "ಗುರುಗಳೇ, ಗೌಂಡಿ ಕಟ್ಟಿದ, ಸರಿ. ಕೆಲವರು ಬರೀ ಕಲ್ಲು ಹೊತ್ತರು, ಕೆಲವರು ಬರೀ ನಿಂತಿದ್ದರು. ಅಷ್ಟು ಜನರಲ್ಲಿ ಹಂಚಿದರೆ ಒಬ್ಬೊಬ್ಬನಿಗೆ ಬರುವುದು ಸ್ವಲ್ಪವೇ ಅಲ್ಲವೇ?" ಎಂದ.

ಗುರು ಹೇಳಿದರು: "ಫಕೀರಪ್ಪ ತನಗೆ ಬಿದ್ದ ಪೆಟ್ಟನ್ನು ಯಾರ ಜೊತೆ ಹಂಚಿಕೊಂಡನಪ್ಪ?"