ಕೊಂಬು ಊದಿದರೂ ಏಳದ ದೊರೆ

ಹತ್ತಿರ ಬನ್ನಿ ಮಕ್ಕಳೇ. ಆ ಮೂಲೆಯಲ್ಲಿ ಕಿಸಕ್ ಅಂತ ನಗೋರು ಬೇಕಾದರೆ ನಕ್ಕು ಮುಗಿಸಿ, ಆಮೇಲೆ ಹೇಳ್ತೀನಿ.

ಕರಿಕಲ್ಲುದುರ್ಗ ಅಂತ ಒಂದು ರಾಜ್ಯ. ಅಲ್ಲಿಗೆ ವೀರಭೂಪ ಅಂತ ದೊರೆ. ಒಳ್ಳೆಯವನೇ, ಆದರೆ ಯಾರಾದರೂ ಅತ್ತರೆ ಸಾಕು, ಕರಗಿಹೋಗ್ತಿದ್ದ. ಅವನು ಎಲ್ಲಿಗೆ ಬಂದರೂ ಮುಂದೆ ಕೊಂಬು ಊದಬೇಕು. ಬರುವಾಗ ಒಂದು ಸಲ, ಹೊರಡುವಾಗ ಎರಡು ಸಲ.

ಆ ರಾಜ್ಯದಲ್ಲಿ ಸಣ್ಣತಾಯಿ ಅಂತ ಒಬ್ಬ ಹುಡುಗಿ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರು. ಉಳಿದದ್ದು ಒಂದು ಮನೆ, ಒಂದು ಮಾವಿನ ತೋಪು, ಜೊತೆಗೆ ಒಬ್ಬ ಚಿಕ್ಕಪ್ಪ. ಅವನ ಹೆಸರು ಮುದ್ದಪ್ಪ. ಹೆಸರು ಇಟ್ಟವರನ್ನ ಹುಡುಕಿ ಬೈಯಬೇಕು!

ತಬ್ಬಲಿಯ ಆಸ್ತಿ ಯಾರ ಕೈಗೆ ಹೋಗಬೇಕಾದರೂ ದೊರೆಯೇ ಮೂರು ಸಲ ಬಂದು ನೋಡಬೇಕು. ಮಗು ಸುಖವಾಗಿದ್ದರೆ ಸಾಕಿದವರ ಹೆಸರಿಗೆ ಮೊಹರು ಒತ್ತಬೇಕು. ಅದು ಅಲ್ಲಿಯ ಕಟ್ಟಳೆ.

ಮೊದಲನೇ ಸಲ ಕೊಂಬು ಕೇಳಿಸಿತು. ಮುದ್ದಪ್ಪ ದಡಬಡ ಎದ್ದ. ಬೀಸುಕಲ್ಲಿನ ಮುಂದಿದ್ದ ಸಣ್ಣತಾಯಿಯನ್ನ ಎಳೆದು ತಂದು ಕೊರಳಿಗೆ ಕಾಸಿನ ಸರ ಹಾಕಿದ, ಮುಂದೆ ತುಪ್ಪದ ಅನ್ನ ಇಟ್ಟ.

"ನನ್ನ ಅಣ್ಣನ ಕೂಸು ಬುದ್ಧೀ, ನನ್ನ ಕಣ್ಣು ಇದು!" ಅಂತ ಗೊಳೋ ಅಂತ ಅತ್ತ.

"ಸುಳ್ಳು! ಈ ಸರ ನಂದಲ್ಲ, ನೀವು ಹೋದ ಮೇಲೆ ಕಿತ್ಕೋತಾರೆ" ಅಂದಳು ಹುಡುಗಿ.

"ಹೆತ್ತವರು ಹೋದ ಸಂಕಟಕ್ಕೆ ಏನೇನೋ ಮಾತಾಡುತ್ತೆ ಪಾಪ" ಅಂದ ಚಿಕ್ಕಪ್ಪ. ದೊರೆ ನಂಬಿಬಿಟ್ಟ. ಎರಡು ಸಲ ಕೊಂಬು ಊದಿದರು. ಸರ ಪೆಟ್ಟಿಗೆಗೆ ಹೋಯಿತು, ಅನ್ನ ಚಿಕ್ಕಪ್ಪನ ಹೊಟ್ಟೆಗೆ ಹೋಯಿತು, ಹುಡುಗಿ ಬೀಸುಕಲ್ಲಿಗೆ ಹೋದಳು.

ಎರಡನೇ ಸಲವೂ ಅದೇ ಸರ, ಅದೇ ಅನ್ನ, ಅದೇ ಅಳು. ಸಣ್ಣತಾಯಿ ಈ ಸಲ ಸುಮ್ಮನೆ ಕೂತು ನೋಡಿದಳು. "ಅರೆ! ಒಂದು ಕೊಂಬಿಗೆ ಇವನ ಆಟ ಶುರು, ಎರಡು ಕೊಂಬಿಗೆ ಮುಗಿಯುತ್ತೆ. ವೇಷ ಕಳಚೋದನ್ನ ಮಾತ್ರ ದೊರೆ ನೋಡೇ ಇಲ್ಲ" ಅಂದುಕೊಂಡಳು.

ಮೂರನೇ ಸಲ ದೊರೆ ಬಂದ, ಜಗಲಿ ಮೇಲೆ ಕೂತ. "ಸಂತೋಷವಾಯಿತು ಮುದ್ದಪ್ಪ. ಮನೆ, ತೋಪು ಎರಡೂ ನಿನಗೇ. ನಾಳೆ ಮೊಹರು ಒತ್ತಿ ಕಳಿಸ್ತೀನಿ" ಅಂದ. ಮುದ್ದಪ್ಪ ಹಿಗ್ಗಿ ಹೀರೇಕಾಯಿ ಆಗಿ ಮಾವಿನಹಣ್ಣು ತರೋಕೆ ಒಳಗೆ ಓಡಿದ.

ಸಣ್ಣತಾಯಿ ಲೆಕ್ಕ ಹಾಕಿದಳು. ಇವತ್ತು ತಪ್ಪಿದರೆ ಅಪ್ಪನ ಮನೆ ಹೋಯಿತು! ದೊರೆಯ ಕಾಲ ಹತ್ತಿರ ಕೂತು ಮೆಲ್ಲಗೆ ಅಂದಳು: "ಬುದ್ಧೀ, ನನ್ನ ಮಾತು ನಂಬಬೇಡಿ. ಹೊರಡೋ ಕೊಂಬು ಊದಿಸಿ. ಆದರೆ ಏಳಬೇಡಿ."

ದೊರೆಗೆ ನಗು ಬಂತು. ಹುಡುಗಿಯ ಮುಖ ನೋಡಿದ ಮೇಲೆ ನಗು ನಿಂತಿತು. ಕೊಂಬಿನವನಿಗೆ ಸನ್ನೆ ಮಾಡಿದ. ಅವನು ಎರಡು ಸಲ ಊದಿದ.

ಒಳಗಿಂದ ಕೂಗು ಬಂತು ನೋಡಿ!

"ಲೇ ಸಣ್ಣತಾಯಿ! ಕಳಚೇ ಸರಾನ! ಅನ್ನ ಮುಟ್ಟಿದರೆ ಕೈ ಮುರೀತೀನಿ. ನಾಳೆ ಮೊಹರು ಬೀಳಲಿ, ನಾಡಿದ್ದು ನಿನ್ನ ಊರಾಚೆ ಅಟ್ಟುತೀನಿ. ಪೆದ್ದ ದೊರೆ! ಎರಡು ಹನಿ ಕಣ್ಣೀರಿಗೆ ತೋಪು ಕೊಟ್ಟು ಹೋದ!"

ಕೋಲು ಹಿಡಿದು ಹೊರಗೆ ಬಂದ. ಪೆದ್ದ ದೊರೆ ಜಗಲಿ ಮೇಲೇ ಕೂತಿದ್ದ.

ಮುದ್ದಪ್ಪನ ಕೈಯಿಂದ ಕೋಲು ಬಿತ್ತು. ಆದರೂ ಬಿಟ್ಟನಾ? ಇಲ್ಲ! ಮೂಗು ಏರಿಸಿ ಅಳೋಕೆ ಶುರು ಮಾಡಿದ.

"ಸಾಕು ಬಿಡು ಚಿಕ್ಕಪ್ಪ, ಆಟ ಮುಗೀತು" ಅಂದಳು ಸಣ್ಣತಾಯಿ.

ದೊರೆ ಅಲ್ಲೇ ಮನೆ, ತೋಪು, ಕಾಸಿನ ಸರ ಎಲ್ಲಾ ಹುಡುಗಿ ಹೆಸರಿಗೆ ಮಾಡಿದ. ಆಮೇಲೆ ಮುದ್ದಪ್ಪನ ಕಡೆ ತಿರುಗಿದ.

"ಒಳ್ಳೆಯವನ ಪಾತ್ರ ಬಲು ಚೆನ್ನಾಗಿ ಮಾಡ್ತೀಯ. ಬಿಡಬೇಡ, ದಿನಾ ಮಾಡು. ತೋಪಿನ ದಾರಿಯಲ್ಲಿ ಬರೋರಿಗೆಲ್ಲ ನಗುನಗುತ್ತಾ ತುಪ್ಪದ ಅನ್ನ ಬಡಿಸು. ನಾನೂ ಬರ್ತೀನಿ, ಮಾಸಲು ಕಂಬಳಿ ಹೊದ್ದು. ಇನ್ನು ಮೇಲೆ ಕೊಂಬು ಊದೋದಿಲ್ಲ."

ಅವತ್ತಿಂದ ಮುದ್ದಪ್ಪನ ಪಾಡು ಕೇಳಬೇಡಿ. ಕುರಿ ಕಾಯೋನು ಬಂದರೂ "ಬನ್ನಿ ಬುದ್ಧೀ", ಬಳೆ ಮಾರೋಳು ಬಂದರೂ "ಕೂತ್ಕೊಳ್ಳಿ ತಾಯೀ". ಯಾವ ಕಂಬಳಿಯೊಳಗೆ ದೊರೆ ಇದ್ದಾನೋ ಯಾರಿಗೆ ಗೊತ್ತು!

ಸಾಲಿನ ಕೊನೆಯಲ್ಲಿ ಸಣ್ಣತಾಯಿಯೂ ಕಾಸಿನ ಸರ ಹಾಕಿಕೊಂಡು ಕೂರ್ತಿದ್ದಳು. "ಚಿಕ್ಕಪ್ಪಾ, ಇನ್ನೊಂಚೂರು ತುಪ್ಪ!"

ನಾವೂ ಬೆಳಗಾದರೆ ಒಂದೊಂದು ವೇಷ ಕಟ್ಟೋರೇ ಮಕ್ಕಳೇ. ನೆಂಟರ ಮುಂದೆ ಒಂದು, ಮೇಷ್ಟ್ರ ಮುಂದೆ ಒಂದು. ಅದೇನೂ ತಪ್ಪಲ್ಲ. ಆದರೆ ನಾಲ್ಕು ಜನ ನೋಡುವಾಗ ಎಷ್ಟು ಒಳ್ಳೆಯವರಾಗಿ ಇರ್ತೀರೋ, ಯಾರೂ ನೋಡದಾಗಲೂ ಅಷ್ಟೇ ಒಳ್ಳೆಯವರಾಗಿ ಇರಿ. ಅದೇ ನೀತಿ.

ಸರಿ, ಏಳಿ, ಊಟಕ್ಕೆ ಹೋಗೋಣ. ಕೂತ ಚಾಪೆ ನೀವೇ ಸುತ್ತಿಡಿ, ನಾನು ಆ ಕಡೆ ತಿರುಗಿಕೊಂಡಿರ್ತೀನಿ.