ಹುಣಸೆ ಬೀಜದ ಚಿಕಿತ್ಸೆ

ಮೂರು ವರ್ಷವಾದರೂ ಮರಿ ಬಾಯಿ ಬಿಡುವುದಿಲ್ಲವೆಂದು ತಾಯಿಗಿಳಿ ಮತ್ತು ತಂದೆಗಿಳಿ ಅದನ್ನು ಮಕ್ಕಳಿಗೆ ಥೆರಪಿ ಕೊಡುವ ಆಮೆಯ ಬಳಿ ಕರೆತಂದವು.

"ನಿನ್ನ ಹೆಸರೇನು, ಪುಟ್ಟಾ?" ಎಂದು ಆಮೆ ಕೇಳಿತು.

"ಚಿಗುರಿ," ಎಂದಿತು ತಾಯಿಗಿಳಿ.

"ಬೆಳಿಗ್ಗೆ ಏನು ತಿಂದೆ?"

"ಸೀಬೆಹಣ್ಣು, ಅದೂ ಅರ್ಧ," ಎಂದಿತು ತಂದೆಗಿಳಿ. "ಜೂನ್‌ನಲ್ಲಿ ಶಾಲೆಗೆ ಸೇರಿಸಬೇಕು, ಮೇಡಂ. ಬೇಗ ಸರಿಮಾಡಿ ಕೊಡಿ."

ಆಮೆ ಎರಡು ಹುಣಸೆ ಬೀಜ ತಂದು ತಾಯಿಗೊಂದು, ತಂದೆಗೊಂದು ಕೊಟ್ಟಿತು. "ದಿನಾ ಹತ್ತು ನಿಮಿಷ ಇದನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಮಗುವಿನ ಪಕ್ಕ ಕೂತಿರಿ. ಅದು ನೋಡಿದ್ದನ್ನು ನೀವೂ ನೋಡಿ. ಅಷ್ಟೇ."

"ತೊಂದರೆ ಮಗುವಿಗೆ, ಔಷಧಿ ನಮಗಾ?" ಎಂದು ತಂದೆಗಿಳಿ ರೇಗಿತು. ಆದರೂ ಗಿಳಿಗಳೆರಡೂ ಬೀಜ ಕಚ್ಚಿಕೊಂಡು ಕೂತವು.

ಆ ಮೌನಕ್ಕೆ ಮರಿ ಬೆರಗಾಯಿತು. ಅಪ್ಪನ ಮುಖ ನೋಡಿತು, ಅಮ್ಮನ ಮುಖ ನೋಡಿತು. ಬಹಳ ಹೊತ್ತಾದ ಮೇಲೆ ನೆಲದತ್ತ ಬಗ್ಗಿ, "ಅಮ್ಮಾ, ಇರುವೆ ಅನ್ನ ಹೊತ್ಕೊಂಡು ಹೋಗ್ತಿದೆ," ಎಂದಿತು.

ಎರಡೂ ಬೀಜ ಒಟ್ಟಿಗೇ ನೆಲಕ್ಕೆ ಬಿದ್ದವು.

"ಮಾತು ಬಂತು! ಎಲ್ಲಿ, ಆಂಟಿಗೆ ಎ ಬಿ ಸಿ ಡಿ ಹೇಳು!" ಎಂದಿತು ತಾಯಿ.

"ಇರುವೆಗೆ ಎಷ್ಟು ಕಾಲು? ಇಂಗ್ಲಿಷ್‌ನಲ್ಲಿ ಹೇಳಬೇಕು!" ಎಂದಿತು ತಂದೆ.

ಮರಿ ಕೊಕ್ಕು ಮುಚ್ಚಿಕೊಂಡಿತು.

"ನೋಡಿದ್ರಾ ಮೇಡಂ? ನಿಮ್ಮ ಔಷಧಿ ಒಂದು ನಿಮಿಷವೂ ನಿಲ್ಲಲಿಲ್ಲ," ಎಂದು ತಾಯಿ ಮೂಗು ಮುರಿಯಿತು.

ಮರಿ ಮೆಲ್ಲಗೆ ಕೆಳಗಿಳಿದು, ಬಿದ್ದಿದ್ದ ಬೀಜಗಳನ್ನು ಒಂದೊಂದಾಗಿ ಹೆಕ್ಕಿ ತಂದು, ಅಪ್ಪ ಅಮ್ಮನ ಕೊಕ್ಕಿಗೆ ಮತ್ತೆ ತುರುಕಿತು.