ತಳಿಗೆ ಬಿಡದ ಸರದಾರ

“ಅಜ್ಜಾ, ಎಲ್ಲರೂ ಮೆಚ್ಚಿದ್ದನ್ನು ಬೆಳೆಯಗೊಡದೆ ತಡೆಯುವುದು ಸರಿಯೇ?” ಎಂದು ಮಠದ ಶಿಷ್ಯ ಮುರಿಗೆಪ್ಪ ಕೇಳಿದ.

ಮಠದ ಸ್ವಾಮಿಗಳಾದ ಅಜ್ಜನವರು ಒಂದು ಕತೆ ಹೇಳಿದರು.

ಮುಧೋಳ ಸೀಮೆಯಲ್ಲಿ ಬಾಳವ್ವ ಎಂಬ ಹೆಂಗಸು ಬೇಟೆನಾಯಿಗಳನ್ನು ಸಾಕುತ್ತಿದ್ದಳು. ಅವಳ ತಂದೆಯದೂ ಅದೇ ಕೆಲಸ. ಸೀಮೆಯೆಲ್ಲ ಹೊಗಳುವಂಥ ಒಂದು ನಾಯಿ ತನ್ನ ಮನೆಯಲ್ಲಿ ಹುಟ್ಟಬೇಕೆಂದು ಅವನು ಬದುಕಿಡೀ ಆಸೆಪಟ್ಟು, ಅದನ್ನು ಕಾಣದೆಯೇ ತೀರಿಕೊಂಡಿದ್ದ. ಅಂಥ ನಾಯಿ ಹುಟ್ಟಿದ್ದು ಮಗಳ ಕಾಲಕ್ಕೆ. ಅವಳು ಅದಕ್ಕೆ ಸರದಾರ ಎಂದು ಹೆಸರಿಟ್ಟಳು.

ಸರದಾರ ನಾಯಿಗಳ ಪ್ರದರ್ಶನಕ್ಕೆ ಇಳಿದರೆ ಉಳಿದವರು ತಮ್ಮ ನಾಯಿಗಳನ್ನು ಮರೆತು ಅದನ್ನೇ ನೋಡುತ್ತಿದ್ದರು. ಅದರ ನಿಲುವು ಹಾಗಿತ್ತು, ನಡಿಗೆ ಹಾಗಿತ್ತು. ರಾಜ್ಯಕ್ಕೇ ಮೊದಲ ಬಹುಮಾನ ಗೆದ್ದ ದಿನ ಬಾಳವ್ವ ಅದರ ಕುತ್ತಿಗೆ ತಬ್ಬಿಕೊಂಡು ಅತ್ತುಬಿಟ್ಟಳು. ಅದರ ಮರಿ ಬೇಕೆಂದು ದೂರದೂರದ ಜನ ಅವಳ ಬಾಗಿಲಿಗೆ ಬಂದರು.

ಒಂದು ಸಂಜೆ, ಮಬ್ಬುಬೆಳಕಿನಲ್ಲಿ, ಸರದಾರ ಅಂಗಳದ ನೀರಿನ ತೊಟ್ಟಿಗೆ ಡಿಕ್ಕಿ ಹೊಡೆಯಿತು. ಮರುದಿನ ಸಂಜೆಯೂ ಹಾಗೇ ಆಯಿತು. ಬಾಳವ್ವ ಅದನ್ನು ದನದ ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರು ಕಣ್ಣು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು.

“ಇದು ಹುಟ್ಟಿನಿಂದಲೇ ಬಂದ ರೋಗ. ಈಗ ಮಬ್ಬಿನಲ್ಲಿ ಕಾಣುವುದಿಲ್ಲ. ಮುಂದೆ ಹಗಲಿನಲ್ಲೂ ಕಾಣುವುದಿಲ್ಲ. ಮದ್ದಿಲ್ಲ. ತಳಿಗೆ ಬಿಟ್ಟರೆ ರೋಗ ಮರಿಗಳ ರಕ್ತದಲ್ಲೂ ಇಳಿಯುತ್ತದೆ” ಎಂದರು.

ಮನೆಗೆ ಬಂದ ಬಾಳವ್ವನಿಗೆ ಅನ್ನ ಸೇರಲಿಲ್ಲ. ವಿಷಯ ಗೊತ್ತಿದ್ದವರು ಇಬ್ಬರೇ. ಡಾಕ್ಟರು ಬಾಯಿ ಬಿಡುವವರಲ್ಲ. ಅವಳು ಸುಮ್ಮನಿದ್ದರೆ ಸಾಕಿತ್ತು.

ಅಷ್ಟರಲ್ಲಿ ಊರ ದೇಸಾಯಿ ತನ್ನ ಹೆಣ್ಣುನಾಯಿಯನ್ನು ಕರೆತಂದ. ಬಾಳವ್ವ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ದೇಸಾಯಿ ನಕ್ಕ. “ಸಂಜೆ ಎಡವಿದರೆ ಎಡವಲಿ ಬಾಳವ್ವ. ಪ್ರದರ್ಶನ ನಡೆಯುವುದು ಹಗಲಿನಲ್ಲಿ ತಾನೇ? ಮರಿಗಳು ಗೆದ್ದರೆ ನಿನ್ನ ಹೆಸರೇ ಮೇಲೆ ಬರುತ್ತದೆ.”

“ಹೆಸರು ನನಗೆ ಬರುತ್ತದೆ ಧಣಿ, ತೊಟ್ಟಿಗೆ ಹಣೆ ಬಡಿದುಕೊಳ್ಳುವುದು ಮರಿ” ಎಂದಳು ಬಾಳವ್ವ.

ದೇಸಾಯಿ ಸಿಟ್ಟಾಗಿ ಹೋದ. ಸರದಾರನ ಜೊತೆ ಹುಟ್ಟಿದ ಒಂದು ಗಂಡುನಾಯಿ ಬೇರೆ ಊರಿನಲ್ಲಿತ್ತು. ಅದನ್ನು ತರಿಸಿ, ರಕ್ತ ಪರೀಕ್ಷೆಯನ್ನೂ ಮಾಡಿಸದೆ, ಮರಿ ಮಾಡಿಸಿದ. ಬಾಳವ್ವನಿಗೆ ತಲೆ ಕೆಟ್ಟಿದೆ ಎಂದು ಸುತ್ತಲಿನವರು ಆಡಿಕೊಂಡರು.

ಅವಳು ಸರದಾರನನ್ನು ತಳಿಗೆ ಬಿಡಲೇ ಇಲ್ಲ. ಅದರ ಒಡಹುಟ್ಟಿದ ಚಿಗರಿ ಎಂಬ ಹೆಣ್ಣುನಾಯಿ ಮನೆಯಲ್ಲಿತ್ತು. ಅದರ ಒಂದು ಕಿವಿ ಮಡಚಿಕೊಂಡಿತ್ತು. ಯಾವ ಪ್ರದರ್ಶನದಲ್ಲೂ ಯಾರೂ ಅದನ್ನು ಎರಡನೆಯ ಸಲ ನೋಡಿರಲಿಲ್ಲ. ಡಾಕ್ಟರು ಅದರ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ರೋಗದ ಸುಳಿವೇ ಇರಲಿಲ್ಲ. ಬಾಳವ್ವ ದೂರದ ಊರಿನಿಂದ ಆರೋಗ್ಯವಂತ ಗಂಡುನಾಯಿಯನ್ನು ಹುಡುಕಿ ತಂದು ಚಿಗರಿಗೆ ಜೊತೆ ಮಾಡಿದಳು. ಹೆಸರುವಾಸಿ ಮನೆಗಳಿಂದ ಯಾರೂ ಆ ಮರಿಗಳನ್ನು ಕೇಳಿಕೊಂಡು ಬರಲಿಲ್ಲ. ಕುರಿಗಾರರು ಬಂದು ಎತ್ತಿಕೊಂಡು ಹೋದರು.

ವರ್ಷಗಳು ಕಳೆದವು. ದೇಸಾಯಿಯ ಮನೆಯಲ್ಲಿ ಹುಟ್ಟಿದ ನಾಯಿಗಳು ಒಂದೊಂದಾಗಿ ಗೋಡೆಗೆ ತಾಗತೊಡಗಿದವು. ಚಿಗರಿಯ ಮಕ್ಕಳು ಮೊಮ್ಮಕ್ಕಳು ಕುರಿಹಿಂಡಿನ ಸುತ್ತ ಗಾಳಿಯಂತೆ ಓಡುತ್ತಿದ್ದವು.

ಒಂದು ವರ್ಷ ಪ್ರದರ್ಶನಕ್ಕೆ ಒಬ್ಬ ಕುರಿಗಾರ ಚಿಗರಿಯ ಮೊಮ್ಮಗಳನ್ನು ತಂದ. ಅದು ಮೈದಾನದಲ್ಲಿ ಒಂದು ಸುತ್ತು ಓಡಿತು. ನೆರೆದವರೆಲ್ಲ ಎದ್ದು ನಿಂತರು. ತೀರ್ಪುಗಾರ ಮೊದಲ ಬಹುಮಾನವನ್ನು ಅದಕ್ಕೇ ಕೊಟ್ಟು, “ಇದು ಯಾರ ತಳಿ?” ಎಂದು ಕೇಳಿದ.

“ನಮ್ಮ ಬಾಳವ್ವಂದು!” ಎಂದು ಕುರಿಗಾರ ಮೈದಾನವೆಲ್ಲ ಕೇಳುವಂತೆ ಕೂಗಿದ. ಜನ ಚಪ್ಪಾಳೆ ತಟ್ಟಿದರು. ಬಾಳವ್ವ ಅಂಚಿನಲ್ಲಿ ಕುಳಿತಿದ್ದಳು. ಮುದಿ ಸರದಾರ ಅವಳ ಮಡಿಲಲ್ಲಿ ತಲೆಯಿಟ್ಟು ಮಲಗಿತ್ತು. ಅದಕ್ಕೆ ಆಗ ಏನೂ ಕಾಣುತ್ತಿರಲಿಲ್ಲ. ಗದ್ದಲ ಕೇಳಿ ಬಾಲ ಆಡಿಸಿತು. ಅವಳು ಅದರ ಬೆನ್ನು ಸವರುತ್ತ ಬಾಯ್ತುಂಬ ನಕ್ಕಳು.

ಆ ಸಂಜೆ ದೇಸಾಯಿ ಬಂದು ತಲೆ ತಗ್ಗಿಸಿ ಒಂದು ಮರಿ ಕೇಳಿದ. ಬಾಳವ್ವ ಹಳೆಯ ಮಾತು ಎತ್ತಲಿಲ್ಲ. ಚೆನ್ನಾಗಿದ್ದ ಒಂದು ಮರಿಯನ್ನು ಆರಿಸಿ ಕೊಟ್ಟಳು.

ಅಜ್ಜನವರು ಕತೆ ನಿಲ್ಲಿಸಿದರು. ಮುರಿಗೆಪ್ಪನಿಗೆ ಸಮಾಧಾನವಾಗಲಿಲ್ಲ.

“ಆದರೂ ಅಜ್ಜಾ, ಅಂಥ ಸರದಾರನ ಕುಡಿ ಅಲ್ಲಿಗೇ ಮುಗಿಯಿತಲ್ಲ?”

“ಅಲ್ಲಿಗೆ ಮುಗಿದದ್ದು ಕುರುಡು, ಮಗು” ಎಂದರು ಅಜ್ಜನವರು.